ಸೊಲ್ಲಾಪುರ–ವಾಡಿ ರೈಲು ಮಾರ್ಗ

ಮಹಾರಾಷ್ಟ್ರದ ಸೊಲ್ಲಾಪುರದಿಂದ ಕಲಬುರಗಿ ಜಿಲ್ಲೆಯ ವಾಡಿ ಜಂಕ್ಷನ್‌ವರೆಗೆ ದಖ್ಖನ್ ಪ್ರಸ್ಥಭೂಮಿಯ ಮೇಲೆ ಸಾಗುವ, ಸುಮಾರು 150 ಕಿ.ಮೀ. ಉದ್ದದ ಬ್ರಾಡ್‌ಗೇಜ್ ಮಾರ್ಗ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮುಂಬಯಿಯಿಂದ ಹಾಕುತ್ತ ಬಂದ ಹಳಿ 1871ರಲ್ಲಿ ರಾಯಚೂರು ತಲುಪಿದಾಗ ಇದೂ ಬಳಕೆಗೆ ಬಂತು. 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದಿನಿಂದ ಬಂದು ಕೂಡಿದ ಮೇಲೆ ವಾಡಿ ಜಂಕ್ಷನ್ ಆಯಿತು.

ಇದು ಮಳೆ ಕಡಿಮೆಯ ಬಯಲುಸೀಮೆ. ಎರೆಹೊಲ, ಜಾಲಿ, ದೂರಕ್ಕೊಂದು ಊರು. ಬೇಸಿಗೆಯಲ್ಲಿ ನೆಲ ಬಿರುಕುಬಿಟ್ಟು ಬರಡಾಗಿ ಕಾಣುತ್ತದೆ. ಮಳೆಗಾಲ ಮುಗಿದು ತೊಗರಿ ಹೂಬಿಟ್ಟಾಗ ಅದೇ ಬಯಲು ಹಳದಿಯಾಗುತ್ತದೆ. ಈ ಮಾರ್ಗದ ನಿಜವಾದ ಸೊಬಗು ಆಗಲೇ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ.

ಅಕ್ಕಲಕೋಟ ರೋಡ್, ಬೋರೋಟಿ, ದುಧನಿ ಮಹಾರಾಷ್ಟ್ರದಲ್ಲಿದ್ದರೂ ಅಲ್ಲಿ ಕನ್ನಡದ ಮಾತು ಧಾರಾಳವಾಗಿ ಕೇಳುತ್ತದೆ. ಗಾಣಗಾಪುರ ರೋಡ್ ನಿಲ್ದಾಣದಲ್ಲಿ ಇಳಿದವರು ಸುಮಾರು 20 ಕಿ.ಮೀ. ರಸ್ತೆ ಹಿಡಿದು ಅಫಜಲಪುರ ತಾಲ್ಲೂಕಿನ ದತ್ತಕ್ಷೇತ್ರಕ್ಕೆ, ಭೀಮಾ–ಅಮರ್ಜಾ ಸಂಗಮಕ್ಕೆ ಹೋಗುತ್ತಾರೆ. ಮುಂದೆ 1347ರಲ್ಲಿ ಬಹಮನಿ ರಾಜಧಾನಿಯಾದ ಕಲಬುರಗಿ; ಕೋಟೆ, ಜಾಮಿ ಮಸೀದಿ, ಬಂದೇನವಾಜರ ದರ್ಗಾ ನೋಡಲು ಒಂದು ದಿನವಾದರೂ ಬೇಕು. ‘ಮಿತಾಕ್ಷರ’ ಬರೆದ ವಿಜ್ಞಾನೇಶ್ವರನ ಊರೆಂದು ಹೆಸರಾದ ಮರತೂರಿನಲ್ಲೂ ನಿಲ್ದಾಣವಿದೆ. ಎಕ್ಸ್‌ಪ್ರೆಸ್ ಹತ್ತಿದವರಿಗೆ ಇಂಥ ಊರುಗಳು ತಪ್ಪಿಹೋಗುವುದು ದೊಡ್ಡ ನಷ್ಟ. ಆಮೇಲೆ ಹಾಸುಗಲ್ಲಿಗೆ ಹೆಸರಾದ ಶಹಾಬಾದ್, ಕಾಗಿಣಾ ನದಿ, ವಾಡಿ.