ಮಂಗನ ಕಾಯಿಲೆಯಲ್ಲಿ ಮಂಗನ ಪಾತ್ರವೇನು?

1957ರ ಮಾರ್ಚ್ ತಿಂಗಳು. ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಆಗಿನ ಮೈಸೂರು ರಾಜ್ಯದಿಂದ ಒಂದು ಸುದ್ದಿ ಬಂತು. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಅದೇ ಕಾಡಂಚಿನ ಹಳ್ಳಿಗಳಲ್ಲಿ ಜನರಿಗೆ ವಿಪರೀತ ಜ್ವರ. ಟೈಫಾಯ್ಡ್ ಥರದ ಜ್ವರ ಇರಬಹುದು ಅಂತ ಮೊದಲು ಅಂದುಕೊಂಡಿದ್ದರು. ಆದರೆ ಟೈಫಾಯ್ಡಿಗೆ ಮಂಗ ಯಾಕೆ ಸಾಯುತ್ತೆ?

ಪುಣೆಯವರು ಗಾಬರಿಯಾಗಿದ್ದಕ್ಕೆ ಕಾರಣ ಬೇರೆಯೇ ಇತ್ತು. 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ ಸೇರಿ ಕಟ್ಟಿದ ಸಂಸ್ಥೆ ಅದು. ದಕ್ಷಿಣ ಅಮೆರಿಕದಲ್ಲಿ ಹಳದಿ ಜ್ವರದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ ಅನುಭವ ರಾಕ್‌ಫೆಲ್ಲರ್ ಕಡೆಯವರಿಗಿತ್ತು. ಅಲ್ಲಿ ಕಾಡಿನ ಮಂಗಗಳು ಉದುರಿ ಬೀಳೋಕೆ ಶುರುವಾದರೆ ಹಳದಿ ಜ್ವರ ಬಂತು ಅಂತಲೇ ಅರ್ಥ. ನಮ್ಮ ದೇಶಕ್ಕೆ ಆ ರೋಗ ಕಾಲಿಟ್ಟೇ ಇರಲಿಲ್ಲ. ಆದರೆ ಅದನ್ನು ಹರಡುವ ಈಡಿಸ್ ಸೊಳ್ಳೆ, ಅಂದ್ರೆ ಇವತ್ತು ನಮಗೆಲ್ಲ ಡೆಂಗಿ ಹತ್ತಿಸುವ ಅದೇ ಸೊಳ್ಳೆ, ಊರೂರಲ್ಲೂ ಇತ್ತು. ನೀವು ಕೀನ್ಯಾ ಸಫಾರಿ ಮುಗಿಸಿ ವಾಪಸ್ ಬರುವಾಗ ವಿಮಾನ ನಿಲ್ದಾಣದಲ್ಲಿ ಹಳದಿ ಜ್ವರದ ಲಸಿಕೆ ಸರ್ಟಿಫಿಕೇಟ್ ಕೇಳುತ್ತಾರಲ್ಲ, ಅದರ ಹಿಂದಿರೋದೂ ಇದೇ ಭಯ.

ಕೇಂದ್ರದ ನಿರ್ದೇಶಕ ಟೆಲ್ಫರ್ಡ್ ವರ್ಕ್, ಅವರ ಸಹೋದ್ಯೋಗಿ ಹೆರಾಲ್ಡ್ ಟ್ರಪಿಡೊ ಮತ್ತು ತಂಡದವರು ಸೊರಬದ ಕಡೆ ಬಂದರು. ರೋಗಿಗಳ ರಕ್ತ, ಸತ್ತ ಮಂಗಗಳ ಅಂಗಾಂಗ ಪುಣೆಗೆ ಹೋದವು. ಸಿಕ್ಕಿದ್ದು ವೈರಸ್ಸೇ, ಆದರೆ ಹಳದಿ ಜ್ವರದ್ದಲ್ಲ. ಅದರ ಹತ್ತಿರದ ನೆಂಟರು ಇದ್ದದ್ದು ರಷ್ಯಾದಲ್ಲಿ. ಅಲ್ಲಿ ಮಿದುಳು ಜ್ವರ ತರುವ, ಸೊಳ್ಳೆಯಿಂದಲ್ಲದೆ ಉಣ್ಣೆಯಿಂದ ಹರಡುವ ವೈರಸ್‌ಗಳ ಗುಂಪು ಅದು. ಉಣ್ಣೆ ಅಂದ್ರೆ ದನ, ನಾಯಿಗಳ ಮೈಗೆ ಕಚ್ಚಿಕೊಂಡಿರುವ ಹುಳು. ಮಲೆನಾಡಿನವರು ಉಣುಗು ಅಂತಾರೆ. ಹೊಸ ವೈರಸ್ಸಿಗೆ ಅದು ಸಿಕ್ಕಿದ ಕಾಡಿನ ಹೆಸರನ್ನೇ ಇಟ್ಟರು: ಕ್ಯಾಸನೂರು ಕಾಡಿನ ಕಾಯಿಲೆ, ಕೆಎಫ್‌ಡಿ. ಜನ ಮಾತ್ರ ತಾವು ಕಣ್ಣಾರೆ ಕಂಡದ್ದಕ್ಕೆ ಹೆಸರಿಟ್ಟರು: ಮಂಗನ ಕಾಯಿಲೆ.

ಈ ಹೆಸರಲ್ಲೇ ಒಂದು ಎಡವಟ್ಟಿದೆ. ರೋಗವಿಜ್ಞಾನದ ನಾಲ್ಕೈದು ಮೂಲ ಪದಗಳು ಗೊತ್ತಿದ್ದರೆ ಅದೇನು ಅಂತ ತಿಳಿಯುತ್ತೆ.

ಮೊದಲನೆಯದು ರೋಗಕಾರಕ. ಇಲ್ಲಿ ಅದು ವೈರಸ್. ಎರಡನೆಯದು ವಾಹಕ, ಅಂದ್ರೆ ರೋಗಕಾರಕವನ್ನು ಒಂದು ಜೀವಿಯಿಂದ ಇನ್ನೊಂದಕ್ಕೆ ಸಾಗಿಸುವವನು. ಇಲ್ಲಿ ಅದು ಉಣ್ಣೆ, ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಅನ್ನೋ ಜಾತಿ. ಮೂರನೆಯದು ಆತಿಥೇಯ. ವೈರಸ್ ಯಾರ ಮೈಯೊಳಗೆ ಬೆಳೆಯುತ್ತೋ ಅವರು ಆತಿಥೇಯರು. ಕರೆಯದೆ ಬಂದ ಅತಿಥಿಗೂ ಆತಿಥೇಯ ಅಂತಲೇ ಹೇಳಬೇಕಾಗಿರೋದು ತಮಾಷೆ, ಆದರೆ ಪದ ಅದೇ.

ಈ ಆತಿಥೇಯರಲ್ಲೇ ಬೇರೆ ಬೇರೆ ದರ್ಜೆಗಳಿವೆ. ಕಾಡಿನ ಇಲಿ, ಸುಂಡಿಲಿಗಳಂಥ ಪುಟ್ಟ ಪ್ರಾಣಿಗಳಲ್ಲಿ ಈ ವೈರಸ್ ಸದ್ದಿಲ್ಲದೆ ಓಡಾಡಿಕೊಂಡಿರುತ್ತೆ. ಅವು ಎದ್ದುಕಾಣುವಂತೆ ಸಾಯುವುದಿಲ್ಲ, ಹಾಗಾಗಿ ಸುದ್ದಿಯೂ ಆಗುವುದಿಲ್ಲ. ವರ್ಷವಿಡೀ ರೋಗಕಾರಕವನ್ನು ಉಳಿಸಿಕೊಂಡು ಬರುವ ಇಂಥ ಜೀವಿಗಳಿಗೆ ರೋಗದ ಆಗರ ಅನ್ನಬಹುದು. ಈ ಕಾಯಿಲೆಯಲ್ಲಿ ಆಗರ ಒಂದೇ ಪ್ರಾಣಿ ಅಂತ ಬೊಟ್ಟು ಮಾಡಿ ತೋರಿಸೋಕೆ ವಿಜ್ಞಾನಿಗಳಿಗೆ ಇವತ್ತಿಗೂ ಆಗಿಲ್ಲ. ಉಣ್ಣೆಗಳೂ ವೈರಸ್ಸನ್ನು ಬಹಳ ಕಾಲ ಮೈಯಲ್ಲಿಟ್ಟುಕೊಳ್ಳಬಲ್ಲವು.

ಇನ್ನು ಮಂಗ. ಕಪ್ಪು ಮುಖದ ಮುಸಿಯ, ಕೆಂಪು ಮುಖದ ಮಂಗ ಎರಡೂ ಈ ಕಾಯಿಲೆಗೆ ಬೇಗ ಬಲಿಯಾಗುತ್ತವೆ. ಮಂಗನ ರಕ್ತದಲ್ಲಿ ವೈರಸ್ ಒಮ್ಮೆಲೇ ಲೆಕ್ಕವಿಲ್ಲದಷ್ಟು ಬೆಳೆಯುತ್ತೆ, ಆ ರಕ್ತ ಕುಡಿದ ಉಣ್ಣೆಗಳಿಗೆಲ್ಲ ಸೋಂಕು ತಗುಲುತ್ತೆ. ಮಂಗ ಸತ್ತು ಬಿದ್ದಾಗ ಆ ಉಣ್ಣೆಗಳು ಮೈ ಬಿಟ್ಟು ಸುತ್ತಲಿನ ತರಗೆಲೆಗಳಿಗೆ ಇಳಿಯುತ್ತವೆ. ಅಲ್ಲಿಗೆ ಅದೊಂದು ಅಪಾಯದ ಜಾಗವಾಯಿತು. ಅಂದ್ರೆ ಮಂಗ ರೋಗದ ಆಗರ ಅಲ್ಲ, ಸದ್ದು ಜಾಸ್ತಿ ಮಾಡುವ ಆಂಪ್ಲಿಫೈಯರ್. ಜೊತೆಗೆ ಕಾವಲುಗಾರ ಕೂಡ. ಮನುಷ್ಯರಿಗೆ ಜ್ವರ ಬರೋ ಮುಂಚೆ ತಾನು ಸತ್ತು ‘ಇಲ್ಲಿ ವೈರಸ್ ಇದೆ’ ಅಂತ ಹೇಳಿ ಹೋಗುತ್ತೆ.

ದನಗಳದ್ದು ಇನ್ನೊಂದು ಥರ. ಕಾಡಿಗೆ ಮೇಯಲು ಹೋದ ದನಕ್ಕೆ ಈ ಕಾಯಿಲೆ ಬರೋದಿಲ್ಲ. ಆದರೆ ಬೆಳೆದ ಉಣ್ಣೆಗಳಿಗೆ ಹೊಟ್ಟೆ ತುಂಬಾ ರಕ್ತ ಸಿಗೋದು ಅದರ ಮೈಯಲ್ಲೇ. ವೈರಸ್ಸಿಗೆ ಅಲ್ಲದಿದ್ದರೂ ವಾಹಕನಿಗೆ ದನವೇ ಆತಿಥೇಯ.

ಕೊನೆಗೆ ಮನುಷ್ಯ. ಅವನಿಗೆ ರೋಗವಿಜ್ಞಾನ ಕೊಟ್ಟಿರುವ ಹೆಸರು ‘ಡೆಡ್ ಎಂಡ್ ಹೋಸ್ಟ್’. ಬೆಂಗಳೂರಲ್ಲಿ ಮ್ಯಾಪ್ ನಂಬಿಕೊಂಡು ಗಾಡಿ ಓಡಿಸಿದವರಿಗೆ ಡೆಡ್ ಎಂಡ್ ವಿವರಿಸಬೇಕಾಗಿಲ್ಲ. ವೈರಸ್ ನಮ್ಮ ಮೈಯೊಳಗೆ ಬಂದರೆ ಮುಂದೆ ಹೋಗೋಕೆ ಅದಕ್ಕೆ ದಾರಿ ಇಲ್ಲ. ಒಬ್ಬರಿಂದ ಒಬ್ಬರಿಗೆ ಇದು ಹರಡೋದಿಲ್ಲ.

ಇಲ್ಲಿ ಕನ್ನಡದ ಮೂರು ಪದಗಳನ್ನು ಬಿಡಿಸಿ ನೋಡಬೇಕು. ಸೋಂಕು, ಅಂಟು, ಪಿಡುಗು. ಪತ್ರಿಕೆಗಳಲ್ಲಿ ಇವೆಲ್ಲಕ್ಕೂ ‘ಸಾಂಕ್ರಾಮಿಕ’ ಅಂತ ಒಂದೇ ಪದ ಬಳಸಿ ಕಲಸಿಬಿಟ್ಟಿದ್ದೇವೆ. ರೋಗಾಣು ಹೊರಗಿಂದ ಮೈಯೊಳಗೆ ಹೊಕ್ಕು ಬೆಳೆದರೆ ಅದು ಸೋಂಕು. ಒಬ್ಬರ ಸಂಪರ್ಕದಿಂದ ಇನ್ನೊಬ್ಬರಿಗೆ ಹತ್ತಿದರೆ ಅಂಟು. ಎಂದಿಗಿಂತ ಜಾಸ್ತಿ ಜನರಿಗೆ ಒಮ್ಮೆಲೇ ಬಂದರೆ ಪಿಡುಗು. ಮಂಗನ ಕಾಯಿಲೆ ಸೋಂಕು ಹೌದು, ಕೆಲವು ವರ್ಷ ಪಿಡುಗೂ ಹೌದು, ಆದರೆ ಅಂಟು ಖಂಡಿತ ಅಲ್ಲ. ಇಷ್ಟು ಗೊತ್ತಿದ್ದರೆ ಕಾಯಿಲೆಯವರ ಮನೆಗೆ ಹೋಗೋಕೆ, ಅವರ ಪಕ್ಕ ಕೂತು ಮಾತಾಡೋಕೆ ಹೆದರಬೇಕಾಗಿಲ್ಲ. ಪ್ರತಿವರ್ಷ ಅದದೇ ಜಾಗದಲ್ಲಿ ಕಾಣಿಸಿಕೊಳ್ಳುವ ರೋಗಕ್ಕೆ ಇನ್ನೊಂದು ಪದವಿದೆ, ಎಂಡೆಮಿಕ್. ಊರಲ್ಲೇ ಮನೆ ಮಾಡಿಕೊಂಡ ರೋಗ ಅನ್ನಿ. ಡಿಸೆಂಬರಿನಿಂದ ಮೇವರೆಗೆ, ಎಳೆಯ ಉಣ್ಣೆಗಳು ಕಾಡಿನ ನೆಲದಲ್ಲಿ ತುಂಬಿರುವಾಗ, ಮಲೆನಾಡಿಗೆ ಅದರ ಕಾಟ.

ಹಾಗಾದ್ರೆ 1957ಕ್ಕೆ ಇದು ಎಲ್ಲಿಂದ ಬಂತು? ನೆಂಟರು ರಷ್ಯಾದಲ್ಲಿದ್ದಾರೆ ಅಂದಮೇಲೆ ವಲಸೆ ಹಕ್ಕಿಗಳು ಹೊತ್ತು ತಂದಿರಬಹುದು ಅನ್ನೋ ಅನುಮಾನ ಹುಟ್ಟಿತು. ಸಲೀಂ ಅಲಿ ಅವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವಲಸೆ ಅಧ್ಯಯನ ನಡೆಸಿದ್ದರ ಹಿಂದೆ ಈ ಅನುಮಾನವೂ ಇತ್ತು. ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ನೆರವು ಕೊಟ್ಟಿತು. ಹಕ್ಕಿಗಳ ಬಗ್ಗೆ ನಮಗೆ ಬಹಳಷ್ಟು ತಿಳಿಯಿತು, ಆದರೆ ಹಕ್ಕಿಯೇ ಈ ವೈರಸ್ ತಂದಿತು ಅನ್ನೋದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ.

ಇನ್ನೊಂದು ಉತ್ತರ ಕೊಟ್ಟವರು ಹೋರ್ಹೆ ಬೊಶೆಲ್. ಕೊಲಂಬಿಯಾದ ಕಾಡುಗಳಲ್ಲಿ ಹಳದಿ ಜ್ವರದ ಬೆನ್ನು ಹತ್ತಿದ್ದ ಈ ವೈದ್ಯರು ಆಮೇಲೆ ಪುಣೆಯ ಕೇಂದ್ರದ ಜೊತೆ ಕೆಲಸ ಮಾಡಿದರು. ವೈರಸ್ ಹೊರಗಿಂದ ಬಂದದ್ದಲ್ಲ, ಕಾಡೊಳಗೆ ಮೊದಲಿನಿಂದ ಇತ್ತು, ನಾವೇ ಅದರ ಬಳಿಗೆ ಹೋದೆವು ಅನ್ನೋದು 1969ರಲ್ಲಿ ಅವರು ಬರೆದ ಲೇಖನದ ಸಾರ. ಜನಸಂಖ್ಯೆ ಬೆಳೆಯಿತು, ಕಾಡು ಕಡಿದು ಗದ್ದೆ ಮಾಡಿದರು, ದನಗಳು ಹೆಚ್ಚಾದವು, ಅವು ಕಾಡಂಚಿನ ಪೊದೆಗಳಲ್ಲಿ ಮೇಯುತ್ತಾ ಉಣ್ಣೆಗಳನ್ನು ಹೆಚ್ಚಿಸಿದವು. ಇಲಿ, ಉಣ್ಣೆ ಮಧ್ಯೆ ಗುಟ್ಟಾಗಿ ನಡೆಯುತ್ತಿದ್ದ ಚಕ್ರದೊಳಗೆ ಮಂಗ ಮತ್ತು ಮನುಷ್ಯ ಸಿಕ್ಕಿಬಿದ್ದರು.

1980ರ ದಶಕದ ಮೊದಲಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ಕಡೆ ಗೇರು ತೋಟಕ್ಕೆಂದು ಕಾಡು ಕಡಿದ ಮೇಲೆ ಇದೇ ಕಥೆ ದೊಡ್ಡದಾಗಿ ಮರುಕಳಿಸಿತು. ಸಾವಿರಕ್ಕೂ ಹೆಚ್ಚು ಜನಕ್ಕೆ ಕಾಯಿಲೆ, ನೂರಕ್ಕೂ ಹೆಚ್ಚು ಸಾವು. 2012ರ ನಂತರ ಬಂಡೀಪುರ, ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಇದು ಕಾಣಿಸಿಕೊಂಡಿದೆ. ಸೊರಬದ ಹೆಸರು ಹೊತ್ತ ಕಾಯಿಲೆ ಈಗ ಪಶ್ಚಿಮಘಟ್ಟದ ಉದ್ದಕ್ಕೂ ಇದೆ.

ಹೆಸರಿನ ಎಡವಟ್ಟು ಅಂದೆನಲ್ಲ, ಅದು ಬರೀ ವ್ಯಾಕರಣದ ತಕರಾರಲ್ಲ. 2009ರಲ್ಲಿ ‘ಹಂದಿ ಜ್ವರ’ ಅನ್ನೋ ಹೆಸರಿಗೆ ಹೆದರಿ ಈಜಿಪ್ಟ್ ಸರ್ಕಾರ ದೇಶದ ಹಂದಿಗಳನ್ನೆಲ್ಲ ಕೊಲ್ಲಿಸೋಕೆ ಹೊರಟಿತು. ಜ್ವರ ಹರಡುತ್ತಿದ್ದದ್ದು ಮನುಷ್ಯರಿಂದ ಮನುಷ್ಯರಿಗೆ. 2017ರಲ್ಲಿ ಬ್ರೆಜಿಲ್‌ನಲ್ಲಿ ಹಳದಿ ಜ್ವರ ಬಂದಾಗ ಜನ ಮಂಗಗಳನ್ನೇ ಹೊಡೆದು ಕೊಂದರು. ಮಂಗ ರೋಗ ಹರಡಲ್ಲ, ಎಚ್ಚರಿಸುತ್ತೆ ಅಂತ ಆರೋಗ್ಯಾಧಿಕಾರಿಗಳು ಬೇಡಿಕೊಳ್ಳಬೇಕಾಯಿತು. 2015ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಹೊಸ ರೋಗಗಳಿಗೆ ಊರಿನ, ಪ್ರಾಣಿಯ, ಜನಾಂಗದ ಹೆಸರಿಡಬೇಡಿ ಅಂತ ಸೂಚಿಸಿತ್ತು. ಆ ಲೆಕ್ಕದಲ್ಲಿ ಕ್ಯಾಸನೂರು ಕಾಡಿನ ಕಾಯಿಲೆಯೂ ಫೇಲು, ಮಂಗನ ಕಾಯಿಲೆಯೂ ಫೇಲು. ಅರವತ್ತು ವರ್ಷ ಬಾಯಲ್ಲಿ ಕೂತ ಹೆಸರನ್ನು ಈಗ ಬದಲಿಸೋದು ಕಷ್ಟ. ಹೆಸರು ಯಾರ ಮೇಲೆ ತಪ್ಪು ಹೊರಿಸುತ್ತಿದೆ ಅಂತ ಕೇಳಿಕೊಳ್ಳೋದು ಕಷ್ಟವಲ್ಲ.

ವಾರಾಂತ್ಯಕ್ಕೆ ಘಟ್ಟದ ಕಡೆ ಟ್ರೆಕಿಂಗ್ ಹೋಗುವ ನಮ್ಮಂಥವರಿಗೆ ಕೊನೆಯದಾಗಿ ಇನ್ನೊಂದು ಪದ ಗೊತ್ತಿರಬೇಕು: ಇನ್‌ಕ್ಯುಬೇಷನ್ ಅವಧಿ. ಮೊಟ್ಟೆಗೆ ಕಾವು ಕೊಟ್ಟ ಹಾಗೆ, ಸೋಂಕು ಹೊಕ್ಕ ದಿನಕ್ಕೂ ಜ್ವರ ಕಾಣುವ ದಿನಕ್ಕೂ ನಡುವಿನ ಸಮಯ ಅದು. ಮಂಗನ ಕಾಯಿಲೆಗೆ ಸಾಮಾನ್ಯವಾಗಿ 3ರಿಂದ 8 ದಿನ. ಅಂದ್ರೆ ಉಣ್ಣೆ ಕಚ್ಚಿದ್ದು ಭಾನುವಾರ ಸಾಗರದ ಕಾಡಲ್ಲಿ, ಜ್ವರ ಏರಿದ್ದು ಶುಕ್ರವಾರ ಬೆಂಗಳೂರಿನ ಆಫೀಸಲ್ಲಿ. ತಲೆ ಸಿಡಿತ, ಮೈಕೈ ನೋವು, ಪ್ಲೇಟ್‌ಲೆಟ್ ಇಳಿಕೆ. ನೋಡಿದರೆ ಡೆಂಗಿ ಥರವೇ ಇರುತ್ತೆ. ಕೆಲವರಿಗೆ ಒಸಡು, ಮೂಗಿನಲ್ಲಿ ರಕ್ತ ಬರುತ್ತೆ. ಕಾಯಿಲೆ ಬಿದ್ದ ನೂರು ಜನರಲ್ಲಿ ಮೂರರಿಂದ ಐದು ಮಂದಿ ಉಳಿಯುವುದಿಲ್ಲ. ನೇರವಾಗಿ ವೈರಸ್ ಕೊಲ್ಲುವ ಔಷಧಿ ಇಲ್ಲ, ಬೇಗ ಆಸ್ಪತ್ರೆ ಸೇರಿ ಆರೈಕೆ ಪಡೆಯುವುದೇ ದಾರಿ. ಹಳೆಯ ಲಸಿಕೆಯ ಬಲ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಿದ್ದಾರೆ. ಹಾಗಾಗಿ ಡಾಕ್ಟರು ಕೇಳದಿದ್ದರೂ ‘ಹೋದ ವಾರ ಕಾಡಿಗೆ ಹೋಗಿದ್ದೆ’ ಅಂತ ನೀವೇ ಹೇಳಿ.

ನಡೆಯುವಾಗ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಫೋಟೋಗೆ ಅಂತ ತರಗೆಲೆ ಮೇಲೆ ಕೂರಬೇಡಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ಜಾಗದ ಗುರುತು ತಿಳಿಸಿ. ನೀವು ಬೆಂಗಳೂರಿಗೆ ವಾಪಸ್ ಬಂದಮೇಲೂ ಆ ಹಾದಿಯಲ್ಲೇ ಸೌದೆಗೆ, ಸೊಪ್ಪಿಗೆ ಹೋಗುವವರು ಇದ್ದಾರೆ. ಮಂಗ ಕೊಟ್ಟ ಎಚ್ಚರಿಕೆ ಅವರಿಗೆ ತಲುಪಬೇಕು.