ಬೃಹತ್ ಬ್ಯಾಟರಿ ಸಂಗ್ರಹ: ವಿಜಯಪುರ ಜಿಲ್ಲೆಯ ವಿದ್ಯುತ್ ಹಿನ್ನೆಲೆಯಲ್ಲಿ

ಬೃಹತ್ ಬ್ಯಾಟರಿ ಸಂಗ್ರಹವೆಂದರೆ ಜಾಲದಲ್ಲಿ ಮಿಕ್ಕ ವಿದ್ಯುತ್ತನ್ನು ರಾಸಾಯನಿಕ ರೂಪದಲ್ಲಿ ಹಿಡಿದಿಟ್ಟು, ಬೇಡಿಕೆ ಏರಿದಾಗ ಮರಳಿಸುವ ಸ್ಥಾವರ. ಅದಕ್ಕೆ ಎರಡು ಅಳತೆಗಳಿವೆ. ಕೆರೆಗೆ ಹೋಲಿಸಿದರೆ ಮೆಗಾವ್ಯಾಟ್ ಎಂಬುದು ತೂಬಿನ ಅಗಲ, ಮೆಗಾವ್ಯಾಟ್‌ಗಂಟೆ ಎಂಬುದು ಕೆರೆಯ ಒಡಲು. ಭಾರತದಲ್ಲಿ ಜಾಲಮಟ್ಟದ ಮೊದಲ ಘಟಕ, 10 ಮೆಗಾವ್ಯಾಟ್‌ನದು, 2019ರಲ್ಲಿ ದೆಹಲಿಯ ರೋಹಿಣಿಯಲ್ಲಿ ಶುರುವಾಯಿತು. ಛತ್ತೀಸಗಢದ ರಾಜನಾಂದಗಾಂವ್‌ನಲ್ಲಿ ಸೌರ ಸ್ಥಾವರದ ಜೊತೆಗಿರುವ ಸಂಗ್ರಹ 40 ಮೆಗಾವ್ಯಾಟ್, 120 ಮೆಗಾವ್ಯಾಟ್‌ಗಂಟೆಯದು.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆ ವಿದ್ಯುತ್ ವಿತರಣಾ ಕಂಪನಿ ಹೆಸ್ಕಾಂನ ವ್ಯಾಪ್ತಿಯದು. ಅವಿಭಜಿತ ಬಸವನ ಬಾಗೇವಾಡಿ ತಾಲ್ಲೂಕಿನಲ್ಲೇ ಎರಡು ದೊಡ್ಡ ವಿದ್ಯುತ್ ಸ್ಥಾವರಗಳಿವೆ. ಆಲಮಟ್ಟಿಯ 290 ಮೆಗಾವ್ಯಾಟ್ ಜಲವಿದ್ಯುದಾಗಾರ ಕೃಷ್ಣೆಯ ನೀರು ಬಿಟ್ಟಾಗ ನಡೆಯುತ್ತದೆ. ಟರ್ಬೈನ್ ದಾಟಿದ ನೀರು ನಾರಾಯಣಪುರದ ಕಡೆ ಹೋಗುತ್ತದೆ, ಅದನ್ನು ಮೇಲಕ್ಕೆ ಮರಳಿಸುವ ಪಂಪ್ ವ್ಯವಸ್ಥೆ ಇಲ್ಲ. ಹೀಗಾಗಿ ಜಲಾಶಯವು ಋತುಮಾನದ ಸಂಗ್ರಹವೇ ಹೊರತು ದಿನದ ಸಂಗ್ರಹವಲ್ಲ. ಎರಡನೆಯದು ಎನ್‌ಟಿಪಿಸಿಯ ಕೂಡಗಿ ಉಷ್ಣ ಸ್ಥಾವರ: 800 ಮೆಗಾವ್ಯಾಟ್‌ನ ಮೂರು ಘಟಕಗಳು, ಒಟ್ಟು 2,400 ಮೆಗಾವ್ಯಾಟ್.

ಕಲ್ಲಿದ್ದಲು ಘಟಕ ಮತ್ತು ಆವರ್ತನ

ಹಗಲು ಸೌರ ವಿದ್ಯುತ್ ಉಕ್ಕಿದಾಗ ಕಲ್ಲಿದ್ದಲು ಘಟಕಗಳು ತಗ್ಗಬೇಕು, ಸೂರ್ಯ ಇಳಿದೊಡನೆ ಏರಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ನಿಯಮಗಳು ಇಂಥ ಘಟಕಗಳು ಸಾಮರ್ಥ್ಯದ ಶೇ 55ರವರೆಗೆ, ಮುಂದೆ ಹಂತಹಂತವಾಗಿ ಶೇ 40ರವರೆಗೆ ಇಳಿಯಬಲ್ಲವಾಗಿರಬೇಕೆನ್ನುತ್ತವೆ. ಕೂಡಗಿಯ ಲೆಕ್ಕದಲ್ಲಿ ಶೇ 55 ಎಂದರೆ 1,320 ಮೆಗಾವ್ಯಾಟ್. ಅಲ್ಲಿಂದ ನಿಮಿಷಕ್ಕೆ ಶೇ 1ರಂತೆ ಏರಿಸಿದರೆ ಪೂರ್ಣ ಸಾಮರ್ಥ್ಯಕ್ಕೆ 45 ನಿಮಿಷ ಬೇಕು. ಪದೇಪದೇ ಕಾದು ಆರುವ ಬಾಯ್ಲರ್ ಕೊಳವೆಗಳು ಬೇಗ ದಣಿಯುತ್ತವೆ. ಬ್ಯಾಟರಿಗೆ ಈ ಕಷ್ಟವಿಲ್ಲ.

ಆವರ್ತನದಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟ. ಜಾಲದ ಆವರ್ತನ 49.90ರಿಂದ 50.05 ಹರ್ಟ್ಜ್ ನಡುವೆ ಇರಬೇಕು. 800 ಮೆಗಾವ್ಯಾಟ್‌ನ ಒಂದು ಘಟಕ ದಿಢೀರನೆ ಟ್ರಿಪ್ ಆದರೆ ಆವರ್ತನ ಕುಸಿಯತೊಡಗುತ್ತದೆ. ತಿರುಗುತ್ತಿರುವ ಟರ್ಬೈನ್‌ಗಳ ಜಡತ್ವ ಕುಸಿತದ ವೇಗವನ್ನು ತಡೆಯುತ್ತದೆ, ಆಮೇಲೆ ಟರ್ಬೈನ್‌ನ ವೇಗ ನಿಯಂತ್ರಕಗಳಾದ ಗವರ್ನರ್‌ಗಳು ಉಗಿಯ ಕವಾಟ ತೆರೆಯುತ್ತವೆ. ಬ್ಯಾಟರಿಯ ಇನ್ವರ್ಟರ್ ಸೆಕೆಂಡಿನ ಭಾಗದೊಳಗೇ ವಿದ್ಯುತ್ ಸುರಿಯಬಲ್ಲದು. ದಕ್ಷಿಣ ಆಸ್ಟ್ರೇಲಿಯಾದ ಹಾರ್ನ್ಸ್‌ಡೇಲ್‌ನ 100 ಮೆಗಾವ್ಯಾಟ್ ಬ್ಯಾಟರಿ 2017ರ ಡಿಸೆಂಬರ್‌ನಲ್ಲಿ, ನೆರೆಯ ವಿಕ್ಟೋರಿಯಾ ರಾಜ್ಯದ ಲಾಯ್ ಯಾಂಗ್ ಕಲ್ಲಿದ್ದಲು ಘಟಕ ನಿಂತಾಗ, ಇದನ್ನು ತೋರಿಸಿತು. ಆದರೆ ಸಾಮಾನ್ಯ ಇನ್ವರ್ಟರ್‌ಗೆ ಸ್ವಂತ ಜಡತ್ವ ಇರುವುದಿಲ್ಲ. ಜಾಲಕ್ಕೆ ತಾನೇ ಲಯ ಕೊಡುವ ಇನ್ವರ್ಟರ್ ಬೇರೆ ಜಾತಿಯದು.

ಪಂಪ್‌ಸೆಟ್ ಮತ್ತು ನೀರು

ಈ ತಾಲ್ಲೂಕುಗಳಲ್ಲಿ ಸಂಗ್ರಹದ ಪ್ರಶ್ನೆ ಕೊಳವೆಬಾವಿಯಿಂದಲೇ ಹುಟ್ಟುತ್ತದೆ. ಕೃಷಿ ಫೀಡರ್‌ಗಳಿಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಕೊಡುವುದು ರಾಜ್ಯದ ನೀತಿ. 5 ಎಚ್‌ಪಿ ಪಂಪ್ ಸುಮಾರು 3.7 ಕಿಲೋವ್ಯಾಟ್‌ನದು, 7 ಗಂಟೆಗೆ 26 ಯೂನಿಟ್. ಇಂಥ ನೂರು ಪಂಪ್‌ಗಳನ್ನು ರಾತ್ರಿ ಪಾಳಿಯಲ್ಲಿ ಬ್ಯಾಟರಿಯಿಂದ ನಡೆಸಲು 2.6 ಮೆಗಾವ್ಯಾಟ್‌ಗಂಟೆ ಬೇಕು. ತುಂಬಿ ಬರಿದಾಗುವಷ್ಟರಲ್ಲಿ ಶೇ 10–15ರಷ್ಟು ಸೋರಿಕೆ ಬೇರೆ. ಇದು ದುಬಾರಿ ದಾರಿ. ಅದೇ ಪಂಪ್ ಬಿಸಿಲಿನಲ್ಲೇ ನಡೆದರೆ ಸಂಗ್ರಹವಾಗುವುದು ನೀರು, ಕೃಷಿಹೊಂಡದಲ್ಲೋ ನಿಂಬೆ ತೋಟದ ಮಣ್ಣಿನಲ್ಲೋ. ಕೇಂದ್ರದ ಪಿಎಂ-ಕುಸುಮ್ ಯೋಜನೆಯ ‘ಸಿ’ ಘಟಕದಡಿ ಫೀಡರ್‌ಗೆ ಸೌರ ಸ್ಥಾವರ ಜೋಡಿಸುವ ಕ್ರಮಕ್ಕೆ ಇದೇ ತರ್ಕ. ರಾತ್ರಿ ಹೊಲಕ್ಕೆ ಹೋಗಿ ಮೋಟರ್ ಚಾಲೂ ಮಾಡುವ ರೈತನ ಕಷ್ಟವೂ ತಪ್ಪುತ್ತದೆ. ಮುಳವಾಡ, ಚಿಮ್ಮಲಗಿ ಏತ ನೀರಾವರಿಗಳ ಭಾರಿ ಪಂಪ್‌ಗಳಿಗೂ ನೀರು ಹರಿಸುವ ವೇಳಾಪಟ್ಟಿ ಸಡಿಲವಿದ್ದಷ್ಟು ಮಟ್ಟಿಗೆ ಈ ಮಾತು ಸಲ್ಲುತ್ತದೆ. ಹಗಲಿಗೆ ಸರಿಸಲಾಗದ ಬೇಡಿಕೆ ಸಂಜೆಯ ದೀಪ, ಟಿವಿ, ಊರಿನ ನೀರು ಸರಬರಾಜಿನದು. ಬ್ಯಾಟರಿಯ ಕಾಸಿಗೆ ಹೆಚ್ಚು ಬೆಲೆ ಸಿಗುವುದು ಬಹುಶಃ ಅಲ್ಲೇ.

ಬಿಸಿಲು ಮತ್ತು ಬೆಂಕಿ

ಹೊಸ ಬ್ಯಾಟರಿ ಸ್ಥಾವರಗಳಲ್ಲಿ ಲಿಥಿಯಂ ಐರನ್ ಫಾಸ್ಫೇಟ್ ಕೋಶಗಳೇ ಹೆಚ್ಚು. ವಿಜಯಪುರದ ಬೇಸಿಗೆ 40 ಡಿಗ್ರಿ ದಾಟುವುದರಿಂದ ತಂಪುಯಂತ್ರಗಳೇ ಒಂದಿಷ್ಟು ಕರೆಂಟ್ ನುಂಗುತ್ತವೆ. ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್ ಬ್ಯಾಟರಿ ಸ್ಥಾವರದಲ್ಲಿ 2025ರ ಜನವರಿಯಲ್ಲಿ ಹೊತ್ತಿದ್ದು ನಿಕ್ಕಲ್ ಆಧಾರಿತ ಕೋಶಗಳ ಹಳೆಯ ಬಗೆ. ಅವನ್ನು ಒಂದೇ ಕಟ್ಟಡದೊಳಗೆ ಜೋಡಿಸಲಾಗಿತ್ತು. ಈಗ ಬೇರೆ ಬೇರೆ ಕಂಟೇನರ್‌ಗಳಲ್ಲಿಟ್ಟು ನಡುವೆ ಅಂತರ ಬಿಡುವುದು ರೂಢಿ.