ಮಯೋರ್ಕದ ಗಿರಿಶಿಖರಗಳು: ಕಾವಲಿನ ಕಣ್ಣು ಮತ್ತು ನೋಟದ ಕಣ್ಣು

ಬೆಟ್ಟದ ತುದಿಯನ್ನೇರಿ ಕಡಲನ್ನು ಕಂಡು ಆನಂದಿಸುವುದು ಮನುಷ್ಯನಿಗೆ ಸಹಜವಾದ ಪ್ರವೃತ್ತಿಯೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಇತಿಹಾಸದ ವಿದ್ಯಾರ್ಥಿ ಈ ಭಾವನೆಯನ್ನು ಹಾಗೆಯೇ ಒಪ್ಪಿಕೊಳ್ಳುವಂತಿಲ್ಲ. ಒಂದೇ ಶಿಖರವನ್ನು ಬೇರೆ ಬೇರೆ ಕಾಲದ ಜನರು ಬೇರೆ ಬೇರೆ ಉದ್ದೇಶಗಳಿಂದ ಏರಿದ್ದಾರೆ. ಏರಿದ ಮೇಲೆ ಅವರೆಲ್ಲರೂ ಕಂಡದ್ದು ಒಂದೇ ಕಡಲೆಂದು ಹೇಳುವುದು ಕಷ್ಟ. ಮೆಡಿಟರೇನಿಯನ್ ಸಮುದ್ರದ ಪಶ್ಚಿಮ ಭಾಗದಲ್ಲಿರುವ ಮಯೋರ್ಕ ದ್ವೀಪದ ಪರ್ವತಶ್ರೇಣಿಯನ್ನು ಆಧಾರವಾಗಿಟ್ಟುಕೊಂಡು ಈ ವಿಷಯವನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲು ಯತ್ನಿಸಿದ್ದೇವೆ.

ಸ್ಪೇನ್ ದೇಶಕ್ಕೆ ಸೇರಿದ ಬಾಲಿಯಾರಿಕ್ ದ್ವೀಪಗಳಲ್ಲಿ ಮಯೋರ್ಕವೇ ದೊಡ್ಡದು. ಅದರ ವಾಯವ್ಯ ತೀರದುದ್ದಕ್ಕೂ ಸುಮಾರು ೯೦ ಕಿಲೋಮೀಟರುಗಳಷ್ಟು ಹಬ್ಬಿರುವ ಸುಣ್ಣಕಲ್ಲಿನ ಶ್ರೇಣಿಗೆ ತ್ರಮುಂತಾನ ಎಂದು ಹೆಸರು. ಅತ್ಯುನ್ನತವಾದ ಪುಚ್ ಮಜೋರ್ ಶಿಖರ ೧೪೦೦ ಮೀಟರುಗಳನ್ನು ಮೀರಿದೆ. ಕಡಲ ಕಡೆಗೆ ಈ ಬೆಟ್ಟಗಳು ಕಡಿದಾಗಿ ಇಳಿಯುತ್ತವೆ. ಆ ಇಳಿಜಾರುಗಳಲ್ಲಿ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಹೊಂದಿಸಿ ಕಟ್ಟಿದ ಗೋಡೆಗಳೂ ಅವುಗಳ ಆಸರೆಯಲ್ಲಿ ನಿಂತ ಮೆಟ್ಟಿಲುಗದ್ದೆಗಳೂ ಓಲಿವ್ ತೋಪುಗಳೂ ಇವೆ. ದ್ವೀಪವು ಮುಸಲ್ಮಾನರ ಆಳ್ವಿಕೆಯಲ್ಲಿದ್ದಾಗ, ಎಂದರೆ ೧೨೨೯ರಲ್ಲಿ ಆರಗಾನಿನ ದೊರೆ ಒಂದನೆಯ ಜೇಮ್ಸನು ಅದನ್ನು ಗೆಲ್ಲುವುದಕ್ಕೆ ಮೊದಲು, ಬೇರೂರಿದ ನೀರಾವರಿ ಪದ್ಧತಿಯೇ ಈ ಬೇಸಾಯಕ್ಕೆ ಅಡಿಪಾಯ. ಯುನೆಸ್ಕೋ ಸಂಸ್ಥೆ ೨೦೧೧ರಲ್ಲಿ ಈ ಶ್ರೇಣಿಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಅದನ್ನು ನಿಸರ್ಗದ ಕೃತಿಯೆಂದಲ್ಲ, ಮಾನವಸಂಸ್ಕೃತಿಯ ಕೃತಿಯೆಂದು ಪರಿಗಣಿಸಿದ್ದು ಇದರಿಂದಲೇ ಯುಕ್ತವಾಗಿದೆ.

ಈ ಶಿಖರಗಳ ಇತಿಹಾಸದಲ್ಲಿ ಮೊದಲು ಎದುರಾಗುವವನು ಕಾವಲುಗಾರ. ಹದಿನಾರನೆಯ ಶತಮಾನದಲ್ಲಿ ಉತ್ತರ ಆಫ್ರಿಕದ ಬಂದರುಗಳಿಂದ ಹೊರಟ ಕಡಲ್ಗಳ್ಳರು ದ್ವೀಪದ ಊರುಗಳನ್ನು ಸುಲಿಯುತ್ತಿದ್ದರು. ಸೆರೆಸಿಕ್ಕವರನ್ನು ಗುಲಾಮರನ್ನಾಗಿ ಮಾರುತ್ತಿದ್ದರು. ೧೫೫೦ರಲ್ಲಿ ಪೊಲ್ಯೆನ್ಸದ ಮೇಲೂ ೧೫೬೧ರಲ್ಲಿ ಸೋಲ್ಯೆರ್ ಪಟ್ಟಣದ ಮೇಲೂ ನಡೆದ ದಾಳಿಗಳು ಪ್ರಸಿದ್ಧವಾಗಿವೆ. ಈ ಎರಡು ಊರುಗಳೂ ತಮ್ಮ ಬಂದರುಗಳಿಂದ ಒಳಕ್ಕೆ ಸರಿದು ನೆಲೆಸಿರುವುದನ್ನು ಇಲ್ಲಿ ನೆನೆಯಬೇಕು. ಅದೇ ಶತಮಾನದ ಕೊನೆಯ ದಶಕಗಳಲ್ಲಿ ಪಾದ್ರಿಯೂ ಗಣಿತಜ್ಞನೂ ಇತಿಹಾಸಕಾರನೂ ಆಗಿದ್ದ ಜೋನ್ ಬಿನಿಮೆಲಿಸನು ಗೋಪುರಗಳ ಒಂದು ವ್ಯವಸ್ಥೆಯನ್ನು ರೂಪಿಸಿದನು. ಹಗಲಿನಲ್ಲಿ ಹೊಗೆ, ಇರುಳಿನಲ್ಲಿ ಬೆಂಕಿ: ಒಂದು ಗೋಪುರದ ಸಂಕೇತವನ್ನು ಮತ್ತೊಂದು ಗೋಪುರ ಗ್ರಹಿಸಿ ಮುಂದಕ್ಕೆ ಸಾಗಿಸಿ, ಕಡೆಗೆ ಪಾಲ್ಮ ನಗರದ ಅಲ್ಮುದೈನ ಅರಮನೆಗೆ ಮುಟ್ಟಿಸುತ್ತಿತ್ತು. ಬನ್ಯಾಲ್ಬುಫಾರಿನ ಹತ್ತಿರ ಕಡಲಿನ ಅಂಚಿನ ಬಂಡೆಯ ಮೇಲೆ ೧೫೭೯ರಲ್ಲಿ ಕಟ್ಟಿದ ವೆರ್ಜೆರ್ ಗೋಪುರ ಈಗಲೂ ನಿಂತಿದೆ. ಇಂತಹ ಕಾವಲುನೆಲೆಗೆ ಅಲ್ಲಿನ ಭಾಷೆಯಲ್ಲಿ ‘ತಲಾಯ’ ಎನ್ನುತ್ತಾರೆ; ಇದು ಅರಬ್ಬೀ ಮೂಲದ ಶಬ್ದ. ಇಂದಿಗೂ ಆ ಶ್ರೇಣಿಯ ಹಲವು ಶಿಖರಗಳಿಗೆ ಇದೇ ಹೆಸರು ಉಳಿದಿದೆ. ಕಡಲು ಶಾಂತವಾಗಿದ್ದ ಬೇಸಗೆಯ ದಿನ ಇಂದಿನ ಪ್ರವಾಸಿಗೆ ಹಬ್ಬ. ಅಂದಿನ ತಲಾಯದ ಕಾವಲುಗಾರನಿಗೆ ಅದು ಕಣ್ಣು ಮುಚ್ಚಬಾರದ ದಿನ.

ಈ ನಿರ್ಣಯಕ್ಕೆ ಒಂದು ಆಕ್ಷೇಪ ಬರಬಹುದು. ವಾಲ್ದೆಮೋಸ ಮತ್ತು ದೆಯಾ ಗ್ರಾಮಗಳ ನಡುವೆ ಕಡಲನ್ನು ನೋಡುವ ಎತ್ತರದಲ್ಲಿ ಮಿರಾಮಾರ್ ಎಂಬ ಸ್ಥಳವಿದೆ. ‘ಕಡಲನ್ನು ನೋಡು’ ಎಂಬುದೇ ಈ ಹೆಸರಿನ ಅರ್ಥ. ೧೨೭೬ರಲ್ಲಿ ದಾರ್ಶನಿಕ ರಮೋನ್ ಲುಲ್ಯನ ಪ್ರೇರಣೆಯಿಂದ ಹದಿಮೂರು ಮಂದಿ ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಅರಬ್ಬೀ ಭಾಷೆಯನ್ನು ಕಲಿಯಲೆಂದು ಅಲ್ಲಿ ಒಂದು ಮಠ ಸ್ಥಾಪಿತವಾಯಿತು. ಆದ್ದರಿಂದ ಕಡಲಿನ ನೋಟ ಮಧ್ಯಯುಗಕ್ಕೂ ಪ್ರಿಯವಾಗಿತ್ತೆಂದು ವಾದಿಸಬಹುದಲ್ಲವೆ? ಹೆಸರೊಂದನ್ನೇ ನೆಚ್ಚಿ ಅಷ್ಟು ದೂರ ಹೋಗುವುದು ಸಾಧುವಲ್ಲವೆಂದು ನಮಗೆ ತೋರುತ್ತದೆ. ಆ ಮಠದ ದೃಷ್ಟಿ ಕಡಲಿನ ಮೇಲಿರಲಿಲ್ಲ, ಕಡಲಿನಾಚೆಯ ಜನರನ್ನು ತಮ್ಮ ಮತಕ್ಕೆ ಒಲಿಸುವುದರ ಮೇಲಿತ್ತು.

ಶಿಖರದ ಮೇಲಿನ ಹೊಸ ಕಣ್ಣು ಹಳೆಯ ಕಣ್ಣಿನೊಡನೆ ಘರ್ಷಿಸಿದ್ದು ೧೮೦೮ರಲ್ಲಿ. ಮೀಟರಿನ ಅಳತೆಗೆ ಆಧಾರವಾದ ಭೂಮಧ್ಯಾಹ್ನರೇಖೆಯನ್ನು ದಕ್ಷಿಣಕ್ಕೆ ವಿಸ್ತರಿಸುವ ಕಾರ್ಯಕ್ಕಾಗಿ ಫ್ರೆಂಚ್ ಸರ್ಕಾರ ಬಿಯೋ ಮತ್ತು ಅರಾಗೋ ಎಂಬ ಇಬ್ಬರು ವಿಜ್ಞಾನಿಗಳನ್ನು ೧೮೦೬ರಲ್ಲಿ ಸ್ಪೇನಿಗೆ ಕಳುಹಿಸಿತ್ತು. ಭೂಮಿಯ ಆಕಾರವನ್ನು ಅರಿಯುವ ಇದೇ ಕುತೂಹಲ ಆ ಕಾಲದಲ್ಲಿ ನಮ್ಮ ನಾಡಿಗೂ ಬಂದಿತ್ತು. ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದದ್ದು ೧೮೦೦ರಲ್ಲಿ. ಬಿಯೋ ಹಿಂದಿರುಗಿದ ಮೇಲೆ, ಆಗಿನ್ನೂ ಇಪ್ಪತ್ತೆರಡು ವರ್ಷದ ಅರಾಗೋ ಮಯೋರ್ಕದ ನೈರುತ್ಯ ಭಾಗದ ಎಸ್ಕ್ಲೋಪ್ ಬೆಟ್ಟದ ಮೇಲೆ ಗುಡಿಸಲು ಹಾಕಿಕೊಂಡು ಇವೀಸ, ಫೊರ್ಮೆಂತೇರ ದ್ವೀಪಗಳ ಕಡೆಗೆ ಕೋನಗಳನ್ನು ಅಳೆಯತೊಡಗಿದನು. ದೂರದ ದ್ವೀಪಗಳ ನಡುವಣ ಅಳತೆಗೆ ಇರುಳಿನ ದೀಪಗಳು ಅಗತ್ಯವಾಗಿದ್ದವು. ಅಷ್ಟರಲ್ಲಿ ಮೇ ತಿಂಗಳಿನಲ್ಲಿ ಮ್ಯಾಡ್ರಿಡಿನ ಜನ ನೆಪೋಲಿಯನ್ನನ ಸೇನೆಯ ವಿರುದ್ಧ ದಂಗೆಯೆದ್ದರು. ಸುದ್ದಿ ದ್ವೀಪಕ್ಕೆ ಮುಟ್ಟಿದಾಗ, ಬೆಟ್ಟದ ಮೇಲಿನ ಬೆಳಕು ಫ್ರೆಂಚ್ ಪಡೆಗೆ ಕೊಡುವ ಸನ್ನೆಯೆಂದು ಜನ ನಂಬಿದರು, ಆಯುಧಪಾಣಿಗಳಾಗಿ ಬೆಟ್ಟವನ್ನೇರಹೊರಟರು. ಮುನ್ಸೂಚನೆ ಪಡೆದ ಅರಾಗೋ ವೇಷ ಮರೆಸಿಕೊಂಡು ಇಳಿದನು. ದಾರಿಯಲ್ಲಿ ಅದೇ ಗುಂಪು ಎದುರಾಯಿತು. ಪೆರ್ಪಿನ್ಯಾ ಸೀಮೆಯಲ್ಲಿ ಹುಟ್ಟಿದ ಅವನಿಗೆ ಕತಲಾನ್ ಮಾತು ಬಾಲ್ಯದಿಂದಲೂ ಪರಿಚಿತ. ದ್ವೀಪದ ನುಡಿಯಲ್ಲಿಯೇ ಅವರೊಡನೆ ಮಾತನಾಡಿ, ಮುಂದೆ ಸಾಗುವಂತೆ ಅವರನ್ನೇ ಹುರಿದುಂಬಿಸಿ, ತಾನು ಪಾರಾದನೆಂದು ಆತ್ಮಕಥನದಲ್ಲಿ ಹೇಳಿಕೊಂಡಿದ್ದಾನೆ. ಪಾಲ್ಮದಲ್ಲಿಯೂ ಕ್ಷೇಮವಿಲ್ಲದೆ, ತನ್ನನ್ನು ಬೆಲ್ವೆರ್ ಕೋಟೆಯ ಸೆರೆಯಲ್ಲಿಡಬೇಕೆಂದು ತಾನೇ ಕೇಳಿಕೊಂಡನು. ಜುಲೈ ಕೊನೆಯಲ್ಲಿ ಮೀನುಗಾರರ ದೋಣಿಯೊಂದರಲ್ಲಿ ಆಲ್ಜಿಯರ್ಸಿಗೆ ತಪ್ಪಿಸಿಕೊಂಡು, ಅನೇಕ ಕಷ್ಟಗಳ ತರುವಾಯ ೧೮೦೯ರಲ್ಲಿ, ಅಳತೆಯ ಕಾಗದಗಳನ್ನು ಕಳೆದುಕೊಳ್ಳದೆ, ಮಾರ್ಸೇಲ್ಸ್ ತಲಪಿದನು.

ಈ ಪ್ರಸಂಗವನ್ನು ಅಜ್ಞಾನಿಗಳಾದ ಹಳ್ಳಿಗರು ವಿಜ್ಞಾನಿಯನ್ನು ಕಾಡಿದ ಕಥೆಯಾಗಿ ಹೇಳುವುದುಂಟು. ಅದು ಸರಿಯಲ್ಲ. ಇರುಳಿನಲ್ಲಿ ಶಿಖರದ ಮೇಲೆ ಹೊತ್ತಿದ ಬೆಂಕಿಯೆಂದರೆ ಹಡಗು ಬರುತ್ತಿದೆ ಎಂದೇ ಅರ್ಥವೆಂಬುದು ಆ ಜನರಿಗೆ ಎರಡು ಶತಮಾನಗಳಿಗೂ ಮೀರಿದ ಪಾಠ. ಅವರು ಬೆಳಕನ್ನು ತಮಗೆ ತಿಳಿದಿದ್ದ ಲಿಪಿಯಲ್ಲಿ ಓದಿದರು. ಅರಾಗೋ ಬರೆದದ್ದು ಬೇರೆ ಲಿಪಿ.

ಅರಾಗೋ ಸೆರೆಯಾದ ಕೋಟೆಯಲ್ಲಿ, ಕೆಲವೇ ವಾರಗಳ ಹಿಂದಿನವರೆಗೆ, ಸ್ಪೇನಿನ ಖ್ಯಾತ ಚಿಂತಕ ಹೊವೆಯಾನೋಸ್ ರಾಜಬಂದಿಯಾಗಿದ್ದನು. ೧೮೦೨ರಿಂದ ಅಲ್ಲಿದ್ದ ಅವನು ಕೋಟೆಯನ್ನೂ ಅದರ ಸುತ್ತಣ ಕಾಡು, ಕೊಲ್ಲಿ, ಬೆಟ್ಟಗಳನ್ನೂ ವಿವರವಾಗಿ ಬಣ್ಣಿಸಿ ಗ್ರಂಥ ಬರೆದಿದ್ದಾನೆ. ದ್ವೀಪದ ಭೂದೃಶ್ಯವನ್ನು ಕಣ್ತುಂಬ ನೋಡಿ ಬರೆದ ಮೊದಲಿಗರಲ್ಲಿ ಒಬ್ಬನು, ಅಲ್ಲಿಂದ ಎಲ್ಲಿಗೂ ಹೋಗುವ ಸ್ವಾತಂತ್ರ್ಯವಿಲ್ಲದವನು.

೧೮೩೦ರಲ್ಲಿ ಫ್ರೆಂಚರು ಆಲ್ಜಿಯರ್ಸನ್ನು ಹಿಡಿದರು. ಆ ಹೊತ್ತಿಗೆ ಇಳಿಮುಖವಾಗಿದ್ದ ಕಡಲ್ಗಳ್ಳತನ ಕೊನೆಗೊಂಡಿತು. ಕಡಲು ನಿರಪಾಯವಾದ ಮೇಲೆಯೇ ಅದು ಸುಂದರವೂ ಆಯಿತೆಂಬುದು ನಮ್ಮ ಅಭಿಪ್ರಾಯ. ಆಸ್ಟ್ರಿಯದ ರಾಜವಂಶಕ್ಕೆ ಸೇರಿದ ಆರ್ಚ್‌ಡ್ಯೂಕ್ ಲುಡ್ವಿಗ್ ಸಾಲ್ವತೋರ್ ೧೮೬೭ರಲ್ಲಿ ಬೇರೊಂದು ಹೆಸರಿನಿಂದ ದ್ವೀಪಕ್ಕೆ ಬಂದನು. ೧೮೭೨ರಲ್ಲಿ, ಲುಲ್ಯನ ಮಠವಿದ್ದ ಅದೇ ಮಿರಾಮಾರನ್ನು ಕೊಂಡನು. ತರುವಾಯ ಸುತ್ತಲಿನ ಜಮೀನುಗಳನ್ನು ಒಂದೊಂದಾಗಿ ಸೇರಿಸುತ್ತ ಹೋದನು. ತನ್ನ ಭೂಮಿಯಲ್ಲಿ ಮರ ಕಡಿಯುವುದನ್ನು ನಿಲ್ಲಿಸಿದನು. ಬಂಡೆಗಳ ಅಂಚಿನಲ್ಲಿ ಕಲ್ಲಿನ ಕಟ್ಟೆಗಳನ್ನು ಕಟ್ಟಿಸಿದನು. ಇವಕ್ಕೆ ‘ಮಿರಾದೋರ್’, ಎಂದರೆ ನೋಡುವ ತಾಣ, ಎಂದು ಹೆಸರು. ಶ್ರೇಣಿಯ ನೆತ್ತಿಯ ಮೇಲೆ ೯೦೦ ಮೀಟರುಗಳಷ್ಟು ಎತ್ತರದಲ್ಲಿ, ಬೇಸಾಯಕ್ಕಾಗಲಿ ವ್ಯಾಪಾರಕ್ಕಾಗಲಿ ಬೇಕಿಲ್ಲದ, ಕೇವಲ ನೋಟಕ್ಕಾಗಿಯೇ ಇರುವ ದಾರಿಯನ್ನು ಮಾಡಿಸಿದನು. ದಾರಿಹೋಕರು ಮೂರು ರಾತ್ರಿ ಬಾಡಿಗೆಯಿಲ್ಲದೆ ತಂಗಲು ಒಂದು ಛತ್ರವನ್ನೂ ಇಟ್ಟಿದ್ದನು. ಬಾಲಿಯಾರಿಕ್ ದ್ವೀಪಗಳನ್ನು ಕುರಿತ ಅವನ ಬೃಹತ್ ಗ್ರಂಥ ೧೮೬೯ರಿಂದ ೧೮೯೧ರವರೆಗೆ ಸಂಪುಟಗಳಾಗಿ ಪ್ರಕಟವಾಯಿತು. ಅವನು ಬೆಟ್ಟದ ಮೇಲೆ ಕಟ್ಟಿಸಿದ ತಂಗುಮನೆಗಳಲ್ಲೊಂದು ಇರುವ ಶಿಖರದ ಹೆಸರು ‘ತಲಾಯ ವೆಲ್ಯ’, ‘ಹಳೆಯ ಕಾವಲುನೆಲೆ’. ಭಯದ ಕಾಲದ ಕಾವಲುಗಾರ ಆರಿಸಿದ್ದ ಜಾಗವೇ ರಸಿಕನಿಗೂ ಒದಗಿತು. ದೂರಕ್ಕೆ ಕಾಣಬೇಕೆಂಬುದು ಇಬ್ಬರ ಅಪೇಕ್ಷೆಯೂ ಆಗಿತ್ತಷ್ಟೆ.

ಆರ್ಚ್‌ಡ್ಯೂಕನ ಪ್ರಶಂಸೆ ಧಾರಾಳವಾಗಿ ನಡೆದಿದೆ, ಅದು ಅವನಿಗೆ ಸಲ್ಲತಕ್ಕದ್ದೇ. ಆದರೆ ಇದೇ ಬೆಟ್ಟಗಳ ಮೇಲೆ ಮತ್ತೊಂದು ವರ್ಗ ಶತಮಾನಗಳ ಕಾಲ ದುಡಿದಿತ್ತು. ಪುಚ್ ಮಜೋರ್, ಮಸನೇಲ್ಯ ಶಿಖರಗಳ ಬಳಿ ಚಳಿಗಾಲದಲ್ಲಿ ಹಿಮವನ್ನು ಗುಂಡಿಗಳಲ್ಲಿ ತುಳಿದು ಗಟ್ಟಿಮಾಡಿ, ಬೇಸಗೆಯಲ್ಲಿ ಕರಗದಂತೆ ರಾತ್ರಿಯ ಹೊತ್ತು ಹೇಸರಗತ್ತೆಗಳ ಮೇಲೆ ಪಟ್ಟಣಕ್ಕೆ ಸಾಗಿಸುತ್ತಿದ್ದ ಕೂಲಿಗಾರರು ಅವರು. ಗೋಡೆ ಕಟ್ಟಿದವರಂತೆ ಇವರೂ ಗ್ರಂಥ ಬರೆಯಲಿಲ್ಲ. ಆ ಹಿಮಗುಂಡಿಗಳು ಮಾತ್ರ ಉಳಿದಿವೆ.

ಆರ್ಚ್‌ಡ್ಯೂಕ್ ೧೯೧೫ರಲ್ಲಿ ಬೊಹೀಮಿಯದಲ್ಲಿ ತೀರಿಕೊಂಡನು. ಅವನು ಹಣ ಸುರಿದು ಮಾಡಿದ್ದು ಮುಂದಿನ ತಲೆಮಾರಿಗೆ ಹಣ ತರುವ ಉದ್ಯಮವಾಯಿತು. ಪಾಲ್ಮದಲ್ಲಿ ೧೯೦೫ರಲ್ಲಿಯೇ ಪ್ರವಾಸೋದ್ಯಮದ ಸಂಘ ಹುಟ್ಟಿತ್ತು. ಎಂಜಿನಿಯರ್ ಅಂತೋನಿಯೋ ಪರಿಯೆತ್ತಿ ೧೯೩೦ರ ದಶಕದ ಆದಿಯಲ್ಲಿ ಸ ಕಲೋಬ್ರದ ಕೊಲ್ಲಿಗೆ ಇಳಿಸಿದ ರಸ್ತೆ ಒಂದೆಡೆ ತನ್ನ ಕೆಳಗೆ ತಾನೇ ನುಸುಳುವಂತೆ ಸುತ್ತಿಕೊಳ್ಳುತ್ತದೆ. ವೆರ್ಜೆರ್ ಗೋಪುರವನ್ನೂ ಇಂದು ಜನ ಹತ್ತುವುದು ಸೂರ್ಯಾಸ್ತವನ್ನು ನೋಡುವುದಕ್ಕೆ.

ಪುಚ್ ಮಜೋರ್ ಶಿಖರಕ್ಕೆ ಮಾತ್ರ ಹಳೆಯ ಕೆಲಸವೇ ಮರಳಿ ಬಂದಿತು. ಸ್ಪೇನ್ ಮತ್ತು ಅಮೆರಿಕ ೧೯೫೩ರಲ್ಲಿ ಮಾಡಿಕೊಂಡ ಒಪ್ಪಂದವನ್ನನುಸರಿಸಿ, ಆ ದಶಕದ ಕೊನೆಯಲ್ಲಿ ಶಿಖರದ ತುದಿಯನ್ನು ಸಿಡಿಸಿ ಸಮಮಾಡಿ ರೇಡಾರ್ ನೆಲೆಯನ್ನು ಸ್ಥಾಪಿಸಲಾಯಿತು. ಅದು ಈಗ ಸ್ಪೇನಿನ ವಾಯುಸೇನೆಯ ವಶದಲ್ಲಿದೆ, ಸಾರ್ವಜನಿಕರಿಗೆ ಪ್ರವೇಶವಿಲ್ಲ. ದ್ವೀಪದ ಅತ್ಯುನ್ನತ ಸ್ಥಳದಿಂದ ಕಡಲನ್ನು ನೋಡಬಯಸುವ ಚಾರಣಿಗರು ಅದರ ನೆರೆಯ, ಎರಡನೆಯ ಎತ್ತರದ ಮಸನೇಲ್ಯವನ್ನೇರಿ, ಅಲ್ಲಿಂದ ಕಡಲಿನ ಜೊತೆಗೆ ಪುಚ್ ಮಜೋರಿನ ನೆತ್ತಿಯ ಮೇಲಿನ ಬಿಳಿಯ ಗುಮ್ಮಟಗಳನ್ನೂ ನೋಡಿ ಹಿಂದಿರುಗುತ್ತಾರೆ.